ಯಾರ ಐದು ಗಂಟೆ

ಅಮೆರಿಕದ ನವಾಹೊ ಬುಡಕಟ್ಟಿನ ಸೀಮೆಯ ಲೊರೀನಾಳ ಗಂಡ ಎಲ್ರಾಯ್ ಮರುಭೂಮಿಯಲ್ಲಿ ಕಾಣೆಯಾಗಿ ಒಂದು ರಾತ್ರಿ ಕಳೆದಿತ್ತು. ಪೇಟೆಯಿಂದ ಬಂದ ಪೊಲೀಸ್ ಅಧಿಕಾರಿ ಪರ್ಸೆಲ್, ಅವನನ್ನು ಹುಡುಕುವುದು ಬಿಟ್ಟು, ಬೆಳ್ಳಂಬೆಳಗ್ಗೆಯೇ ಅಡುಗೆಮನೆಯಲ್ಲಿ ಕೂತು ಅವಳ ತಲೆ ತಿನ್ನುತ್ತಿದ್ದ.

“ನೋಡಮ್ಮ, ಸಂಜೆ ಐದಕ್ಕೆ ಮನೆ ಬಿಟ್ಟ ಅಂತೀಯ. ನಾಲ್ಕೂವರೆಗೇ ನಮ್ಮ ಪೇಟೆ ಪೆಟ್ರೋಲ್ ಬಂಕಲ್ಲಿ ಕಾಫಿ ಕುಡಿದಿದ್ದಾನೆ. ಹೊರಡೋಕೆ ಮುಂಚೆನೇ ಹೆಂಗೆ ತಲುಪಿದ? ಏನು ಮುಚ್ಚಿಡ್ತಿದ್ದೀಯ?”

“ಬೇಸಿಗೇಲಿ ನಾವು ಗಡಿಯಾರಾನ ಒಂದು ಗಂಟೆ ಮುಂದಕ್ಕೆ ತಿರುಗಿಸ್ತೀವಿ ಸಾಹೇಬ್ರೆ. ನಿಮ್ಮ ಪೇಟೇಲಿ ತಿರುಗಿಸಲ್ಲ. ನಮ್ಮ ಐದು ಅಂದ್ರೆ ನಿಮಗೆ ನಾಲ್ಕು.”

ಪರ್ಸೆಲ್ ತಾನು ಬರೆದಿದ್ದ ಐದನ್ನು ಹೊಡೆದು ನಾಲ್ಕು ಎಂದು ತಿದ್ದಿದ.

“ಹುಡುಕೋಕೆ ಎಂಟಕ್ಕೆ ಸೇರಿ ಅಂತ ನನ್ನ ಅಣ್ಣತಮ್ಮಂದಿರಿಗೆ ಹೇಳಿದ್ರಲ್ಲ, ಅದು ಯಾರ ಎಂಟು?”

ಅವನು ಬಾಯಿ ತೆರೆಯುವಷ್ಟರಲ್ಲಿ ಅಂಗಳದಲ್ಲಿ ಟ್ರಕ್ಕೊಂದು ಬಂದು ನಿಂತಿತು. ಅಣ್ಣತಮ್ಮಂದಿರು ತಮ್ಮ ಎಂಟಕ್ಕೆ ಸೇರಿದ್ದರು. ಪೊಲೀಸರ ಸುಳಿವೇ ಇಲ್ಲದ್ದು ನೋಡಿ ತಾವೇ ಹೋಗಿ, ಒಣಹಳ್ಳದ ಮರಳಲ್ಲಿ ಹೂತ ಗಾಡಿಯ ಪಕ್ಕ ಕೂತಿದ್ದ ಎಲ್ರಾಯ್‌ನನ್ನು ಕರೆತಂದಿದ್ದರು.

ತುಟಿ ಒಡೆದಿದ್ದ ಎಲ್ರಾಯ್ ಪೊಲೀಸನನ್ನು ನೋಡಿ ಬಾಗಿಲಲ್ಲೇ ನಿಂತ. “ಯಾರಾದ್ರೂ ಕಳೆದುಹೋದ್ರಾ?”

“ಸಾಹೇಬ್ರದ್ದು ಒಂದು ಗಂಟೆ,” ಎಂದಳು ಲೊರೀನಾ, ಗಂಡನಿಗೆ ನೀರು ಬಗ್ಗಿಸುತ್ತ.