ಹುಟ್ಟಿದ ಊರು

ಅರ್ಧ ಗಂಟೆಯಲ್ಲಿ ನನ್ನ ಗಂಡ ಸುನಿಲ ಮೂರು ಸಲ ಎದ್ದು ಕೂತ. ನವಿ ಮುಂಬೈಯ ಸಾನಪಾಡಾದ ಆ ಹೌಸಿಂಗ್ ಸೊಸೈಟಿ ಆಫೀಸಿನಲ್ಲಿ ಫ್ಯಾನು ಜೋರಾಗಿಯೇ ತಿರುಗುತ್ತಿತ್ತು, ಆದರೂ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಒಂದು ಬಾಡಿಗೆ ಮನೆಗಾಗಿ ಗಂಡಸು ಇಷ್ಟು ಹೆದರುವುದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

2016ರ ಆ ವರ್ಷದಲ್ಲಿ ಇದು ನಾವು ಕೇಳಲು ಬಂದ ಐದನೆಯ ಮನೆ. ಹಿಂದಿನ ನಾಲ್ಕು ಕಡೆಯೂ ಮಾತುಕತೆ ಚೆನ್ನಾಗಿಯೇ ನಡೆದು, ನೀವು ಯಾವ ಕಡೆಯವರು, ಯಾವ ಪೈಕಿ ಎಂಬಲ್ಲಿಗೆ ಬಂದು ನಿಂತಿತ್ತು. ಸುನಿಲನಿಗೆ ಬೇಲಾಪುರದಲ್ಲಿ ಆಫೀಸಿನ ಕೆಲಸ, ನನಗೆ ಏಳು ತಿಂಗಳು. ತನ್ನ ಮಗು ನಾವಿದ್ದ ತುರ್ಭೆಯ ಜೋಪಡಿಯಲ್ಲಿ ಹುಟ್ಟಬಾರದು ಎಂಬುದು ಅವನ ಹಟ. ಅದಕ್ಕೇ ಏಜೆಂಟ್ ರಘುಪತಿ ಪಾಠ ಹೇಳಿಕೊಟ್ಟಿದ್ದ: "ಕಲಬುರಗಿ ಅನ್ನಬೇಡಿ, ಲೇಬರ್ ಜನ ಅಂತಾರೆ. ಉಡುಪಿ ಅನ್ನಿ. ಕಮಿಟಿಯ ಮೇಡಂ ಆ ಕಡೆಯವರೇ, ಖುಷಿಯಾಗ್ತಾರೆ." ಬಾಯಿ ಬಿಡಬೇಡ ಎಂದು ಸುನಿಲ ತನ್ನ ಅವ್ವ ಬಾಲಮ್ಮನಿಗೆ ತಾಕೀತು ಮಾಡಿದ್ದ. ಮನೆಮಂದಿಯನ್ನೆಲ್ಲ ಕಮಿಟಿ ನೋಡಲೇಬೇಕು ಎಂಬುದು ಅಲ್ಲಿಯ ನಿಯಮ, ಇಲ್ಲದಿದ್ದರೆ ಅತ್ತೆಯನ್ನು ಕರೆತರುತ್ತಲೇ ಇರಲಿಲ್ಲ.

ಮೇಡಂ ಜಯಲತಾ ಬಂದರು, ಹಿಂದೆ ಇನ್ನಿಬ್ಬರು. ಫಾರಂನಲ್ಲಿ 'ಹುಟ್ಟಿದ ಊರು: ಉಡುಪಿ' ಎಂದು ಓದಿದ್ದೇ ಅವರ ಮುಖ ಅರಳಿತು. "ಹೌದಾ ಮಾರಾಯ್ರೆ!" ಎಂದವರೇ ತುಳುವಿನಲ್ಲಿ ಏನೋ ಕೇಳಿದರು. ಸುನಿಲ ನಕ್ಕ. ಮತ್ತೊಂದು ಕೇಳಿದರು. ಅದಕ್ಕೂ ನಕ್ಕ. ಆ ನಗು ನೋಡಲಾಗದೆ ನಾನು ತಲೆ ತಗ್ಗಿಸಿದೆ.

"ಉಡುಪಿಯಲ್ಲಿ ಎಲ್ಲಿ ನೀವು?" ಈಗ ಕನ್ನಡಕ್ಕೆ ಬಂದಿದ್ದರು.

ಸುನಿಲ ತಡವರಿಸಿದ. ಅತ್ತೆಗೆ ತಡೆಯಲಾಗಲಿಲ್ಲ.

"ಯವ್ವಾ, ನಾವು ಕಲಬುರಗಿ ಕಡಿಯವ್ರು. ಆದ್ರ ಹೊರಗಿನವ್ರಲ್ಲ. ಈ ಬಿಲ್ಡಿಂಗ್ ಕಟ್ಟೂ ಮುಂದ ನಾ ಇಲ್ಲೇ ಇಟ್ಟಂಗಿ ಹೊತ್ತೀನಿ. ಗೇಟಿನ ಬಾಜೂಕ ನಮ್ಮ ತಗಡಿನ ಶೆಡ್ ಇತ್ತು. ಇಂವ ಹುಟ್ಟಿದ್ದು ಅದರಾಗ."

ಕಟ್ಟಿದವರಿಗೆ ಇಲ್ಲ ಅನ್ನುತ್ತಾರೆಯೇ ಎಂಬ ಧೈರ್ಯ ಅವರದು. ಪಾಪ, ಅದೇ ಇಲ್ಲಿ ಅಡ್ಡಿ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

"ಸುಳ್ಳು ಹೇಳಿದವರಿಗೆ ಮನೆ ಕೊಡುದು ಹೇಗೆ?" ಎಂದರು ಜಯಲತಾ.

"ಖರೇ ಹೇಳಿದ್ರ ಕೊಡ್ತಿದ್ರೇನ್ರಿ?" ಅಂದೆ. ನನ್ನ ದನಿ ನನಗೇ ದೊಡ್ಡದೆನಿಸಿತು.

ಸುನಿಲ ಫಾರಂ ಎಳೆದುಕೊಂಡ. ಹರಿದು ಹಾಕುತ್ತಾನೆ ಅಂದುಕೊಂಡೆ. ಅವನು ಉಡುಪಿ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ಆ ಸೊಸೈಟಿಯ ವಿಳಾಸವನ್ನೇ ಪ್ಲಾಟ್ ನಂಬರ್ ಸಮೇತ ಬರೆದ. ಫಾರಂ ಅಲ್ಲೇ ಬಿಟ್ಟು, "ನಡಿ ಯವ್ವ" ಎಂದು ಎದ್ದ.

ಗೇಟಿನ ಪಕ್ಕದಲ್ಲಿ ಅತ್ತೆ ನಿಂತರು. "ಇಲ್ಲೇ ನೋಡ್" ಎಂದರು. ಅಲ್ಲೇ ಕುರ್ಚಿ ಹಾಕಿ ಕೂತಿದ್ದ ವಾಚ್‌ಮನ್ ವಿಸಿಟರ್ ರಿಜಿಸ್ಟರನ್ನು ಸುನಿಲನ ಮುಂದೆ ಹಿಡಿದು, ಹೊರಗೆ ಹೋಗುವ ಟೈಮ್ ಬರೆದು ಸಹಿ ಹಾಕಿ ಎಂದ.