ಮುನಿಲಕ್ಷ್ಮಿ ಹುಟ್ಟಿದ ವಾರ

ತಮಿಳುನಾಡಿನ ಗಡಿಯೂರು ಬಾಗಲೂರಿನ ಭಾಗ್ಯಮ್ಮನ ಮನೆಯಲ್ಲಿ ಬಾಣಂತನ. ಮಗಳು ಮೇಘಶ್ರೀಗೆ ಹೆಣ್ಣು ಕೂಸು ಹುಟ್ಟಿ ಇಪ್ಪತ್ತು ದಿನವಾಗಿತ್ತು. ಬೀದಿಯ ಹೆಂಗಸರೆಲ್ಲ ಬಂದು, ಮೂಗು ಯಾರದ್ದು, ಕಿವಿ ಯಾರದ್ದು ಎಂದು ತೀರ್ಪು ಕೊಟ್ಟು ಹೋದರು. ಪಕ್ಕದ ಮನೆಯ ಮುನಿಲಕ್ಷ್ಮಿ ಮಾತ್ರ ದಿನಾ ತನ್ನ ಹೊಲದ ಸಬ್ಬಸಿಗೆ ಸೊಪ್ಪು ತಂದು ಹೊಸಿಲಾಚೆಯಿಂದಲೇ ಚಾಚುತ್ತಿದ್ದಳು. ಒಳಗೆ ಕೂಸು ಅತ್ತರೆ ಅವಳ ಕೈ ತಾನಾಗಿಯೇ ಮುಂದೆ ಬರುತ್ತಿತ್ತು. ಮರುಕ್ಷಣ ಸೆರಗಿನೊಳಗೆ ಸೇರಿಕೊಳ್ಳುತ್ತಿತ್ತು.

“ಒಳೀಕ್ ಬಾರವ್ವ, ಕೂಸ್ನ ಎತ್ಕೊ,” ಎಂದಳು ಭಾಗ್ಯಮ್ಮ.

“ಬ್ಯಾಡ ಭಾಗ್ಯಕ್ಕ. ನಾನು ಮಂಗಳವಾರ ಹುಟ್ಟಿದೋಳು. ಹುಟ್ಟಿದ ದಿನಾನೇ ಅವ್ವನ್ನ ನುಂಗ್ಕೊಂಡೋಳು. ಬಾಣಂತಿ ಇರೋ ಕಡೆ ನನ್ನ ಕಾಲು ಬೀಳ್ಬಾರ್ದು ಅಂತಾಳೆ ನಮ್ಮತ್ತೆ.”

ಅತ್ತೆ ಅಂದರೆ ಅಪ್ಪನ ಅಕ್ಕ ರಾಮಕ್ಕ, ಮುನಿಲಕ್ಷ್ಮಿಯನ್ನು ಸಾಕಿದವಳು. ಊಟ ಬಟ್ಟೆಗೆ ಕಡಿಮೆ ಮಾಡಿದವಳಲ್ಲ. ಆದರೆ ಅನ್ನದ ಜೊತೆಗೇ ಈ ಮಾತನ್ನೂ ನಲವತ್ತು ವರ್ಷ ಬಡಿಸಿದ್ದಳು.

ಅವ್ವ ವೆಂಕಟಲಕ್ಷ್ಮಿಯದು ಒಂದು ಫೋಟೋ ಕೂಡ ಇರಲಿಲ್ಲ. ಮುನಿಲಕ್ಷ್ಮಿಯೇ ಮನಸ್ಸಿನಲ್ಲಿ ಒಬ್ಬ ಅವ್ವನನ್ನು ಮಾಡಿಕೊಂಡಿದ್ದಳು. ಎತ್ತರದ ಹೆಂಗಸು, ಅಗಲವಾದ ಮಡಿಲು. ಆ ಮಡಿಲಲ್ಲಿ ಒಮ್ಮೆ ತಲೆಯಿಟ್ಟು ಮಲಗಬೇಕು, “ನೀನೇನೂ ಮಾಡಿಲ್ಲ ಕಣೇ” ಅನ್ನಿಸಿಕೊಳ್ಳಬೇಕು. ಈ ಆಸೆ ಮಾತ್ರ ಅವಳನ್ನು ಬಿಟ್ಟಿರಲಿಲ್ಲ.

ಭಾಗ್ಯಮ್ಮ ಮಂಡ್ಯ ಕಡೆಯವಳು. ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಹನ್ನೆರಡು ವರ್ಷದಿಂದ ಪೀಸು ಅಳೆದು ಪಾಸು ಮಾಡುವ ಕೆಲಸ. ಅಳೆಯದೆ ಏನನ್ನೂ ನಂಬುವವಳಲ್ಲ.

“ಮಂಗಳವಾರ ಅಂತ ಬರ್ದಿಟ್ಟೋರ್ ಯಾರು? ತಾರೀಕು ಐತಾ?”

“ಸರ್ಟಿಫಿಕೇಟ್‌ನಾಗೆ ಐತೆ. ಎಂಬತ್ನಾಕನೇ ಇಸ್ವಿ, ಏಳನೇ ತಿಂಗಳು, ಮೂರನೇ ತಾರೀಕು.”

ಭಾಗ್ಯಮ್ಮ ಫೋನು ತೆಗೆದಳು. “ಇದ್ರಲ್ಲೊಂದು ಸೈಟ್ ಐತೆ. ಯಾರೋ ಬರ್ದಿದ್ದನ್ನ ಹುಡ್ಕಿ ತೋರ್ಸಾದಲ್ಲ, ಕೇಳಿದ್ದಕ್ಕೆ ತಾನೇ ಲೆಕ್ಕ ಹಾಕಿ ಉತ್ತರ ಹೇಳ್ತದೆ.” 03/07/1984 ಯಾವ ವಾರ ಎಂದು ಒತ್ತಿದಳು. ಉತ್ತರ ಬಂತು: ಬುಧವಾರ.

ಮುನಿಲಕ್ಷ್ಮಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಡಿ ಹೋಗಿ ರಾಮಕ್ಕನ ಕೈ ಹಿಡಿದು ಭಾಗ್ಯಮ್ಮನ ಜಗುಲಿಗೆ ಕರೆತಂದಳು. “ಅತ್ತೆ, ಬುಧವಾರವಂತೆ! ನಾನು ಬುಧವಾರದೋಳಂತೆ!”

“ಹೋಗೇ! ಅವತ್ತು ಬೆಳಿಗ್ಗೆ ಮಾರಮ್ಮನಿಗೆ ಮಂಗಳವಾರದ ಪೂಜೆ ಮಾಡ್ಕೊಂಡು ಬಂದೋಳು ನಾನು. ನಿನ್ ಫೋನು ಹುಟ್ಟಿತ್ತಾ ಆಗ?” ಎಂದಳು ರಾಮಕ್ಕ.

ಭಾಗ್ಯಮ್ಮ ಜಗಳಕ್ಕೆ ನಿಲ್ಲಲಿಲ್ಲ. “ಅಳೆಯೋ ಗೇಜ್ ಮೇಲೆ ಡೌಟ್ ಬಂದ್ರೆ ನಾವು ಅಳತೆ ಗೊತ್ತಿರೋ ಪೀಸ್ ಇಟ್ಟು ನೋಡ್ತೀವಿ,” ಎಂದು ಮೊಮ್ಮಗಳ ತಾರೀಕು ಒತ್ತಿದಳು. ಕೂಸು ಹುಟ್ಟಿದ್ದು ಶುಕ್ರವಾರವೆಂದು ಬೀದಿಗೇ ಗೊತ್ತು. ಫೋನು ಬೇರೆ ವಾರ ಹೇಳಿತು! ಭಾಗ್ಯಮ್ಮ ಕಣ್ಣು ಕಿರಿದು ಮಾಡಿ ಉತ್ತರದ ಮೇಲಿನ ಸಾಲು ಓದಿದಳು.

“ಅಯ್ಯೋ, ತಪ್ಪು ನಂದೇ. ನಾನು ಕೇಳಿದ್ದನ್ನ ಇದು ಹೆಂಗೆ ತಿಳ್ಕೊಂತು ಅಂತ ಇಲ್ಲೇ ಬರ್ದದೆ, ನಾನೇ ನೋಡ್ನಿಲ್ಲ. ಇದು ತಿಂಗಳನ್ನ ಮೊದಲು ಓದ್ತದೆ. ನಿಂದೂ ಹಂಗೇ ಆಗೈತೆ, ಮೂರನೇ ತಿಂಗಳು ಏಳನೇ ತಾರೀಕು ಅನ್ಕೊಂಡದೆ.”

ಈ ಸಲ ತಿಂಗಳ ಹೆಸರನ್ನೇ ಬರೆದಳು: ಜುಲೈ. ಉತ್ತರ: ಮಂಗಳವಾರ.

ರಾಮಕ್ಕ ಗೆದ್ದಳು. ಆದರೆ ಗೆದ್ದವಳ ಮುಖದಲ್ಲಿ ನಗುವಿರಲಿಲ್ಲ. ಮುನಿಲಕ್ಷ್ಮಿ ಜಗುಲಿಯ ಮೇಲೆ ಕೂತಳು.

ಅಷ್ಟರಲ್ಲಿ ಅವಳ ಮಗಳು ಬಾಚಣಿಗೆ ಹಿಡಿದು ಬಂದಳು. ಪ್ಲಸ್ ಟು ಓದುವ ಹುಡುಗಿ. ಅಜ್ಜಿ ವೆಂಕಟಲಕ್ಷ್ಮಿಯ ಹೆಸರನ್ನೇ ಇಟ್ಟಿದ್ದರೂ ಮನೆಯಲ್ಲಿ ಲಚ್ಚಿ. “ಜಡೆ ಹಾಕವ್ವ” ಎಂದು ತಾಯಿಯ ಮುಂದೆ ಕೂತಳು. ಮುನಿಲಕ್ಷ್ಮಿಯ ಕೈ ತಾನೇ ಕೂದಲು ಬಿಡಿಸತೊಡಗಿತು.

“ವಾರ ಹೇಳ್ತು. ಸಾವಿಗೆ ಅದೇ ಕಾರಣ ಅಂತೇನೂ ಹೇಳ್ನಿಲ್ವಲ್ಲ,” ಎಂದಳು ಭಾಗ್ಯಮ್ಮ. “ನಿಮ್ಮವ್ವ ಹುಟ್ಟಿದ ತಾರೀಕು ಗೊತ್ತಾ?”

ಲಚ್ಚಿಯೇ ಎದ್ದುಹೋಗಿ ಅಜ್ಜಿಯ ಟ್ರಂಕಿನಿಂದ ರಾಯಕೋಟೆ ಶಾಲೆಯ ಹಳೇ ಟೀಸಿ ತಂದಳು. ತಮಿಳಿನಲ್ಲಿತ್ತು, ಓದಿ ಹೇಳಿದಳು: ಮೇ ಹತ್ತು, ಸಾವಿರದ ಒಂಬೈನೂರ ಅರವತ್ತೇಳು. ಮತ್ತೆ ಅವ್ವನ ಮುಂದೆ ಕೂತಳು. ಭಾಗ್ಯಮ್ಮ ತಿಂಗಳ ಹೆಸರು ಬರೆದೇ ಕೇಳಿದಳು, ವೆಂಕಟಲಕ್ಷ್ಮಿ ಹುಟ್ಟಿದ ದಿನದಿಂದ ಮುನಿಲಕ್ಷ್ಮಿ ಹುಟ್ಟಿದ ದಿನಕ್ಕೆ ಎಷ್ಟು? ಮೊದಲು ಮೇಲಿನ ಸಾಲು ನೋಡಿದಳು. ಆಮೇಲೆ ಉತ್ತರ ಓದಿದಳು.

“ಹದಿನೇಳು ವರ್ಷ, ಒಂದು ತಿಂಗಳು, ಇಪ್ಪತ್ಮೂರು ದಿನ.”

ಜಡೆಯೊಳಗಿದ್ದ ಕೈ ನಿಂತುಹೋಯಿತು.

“ಅವ್ವ, ನಂಗೂ ಹದಿನೇಳೇ,” ಎಂದಳು ಲಚ್ಚಿ.

ಎತ್ತರದ ಹೆಂಗಸು ಇರಲೇ ಇಲ್ಲ. ಇದ್ದದ್ದು ಜಡೆ ಹಾಕು ಅನ್ನುವ ವಯಸ್ಸಿನ ಹುಡುಗಿ. ಯಾರ ಮಡಿಲಿಗಾಗಿ ನಲವತ್ತು ವರ್ಷ ಹಂಬಲಿಸಿದಳೋ ಅವಳಿಗೇ ಒಂದು ಮಡಿಲು ಬೇಕಿತ್ತು. “ನನ್ನ ಕೂಸೇ,” ಎಂದು ಮುನಿಲಕ್ಷ್ಮಿ ಲಚ್ಚಿಯನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತಳು. ಯಾವ ವೆಂಕಟಲಕ್ಷ್ಮಿಯನ್ನು ಕರೆದಳೋ ಅವಳಿಗೇ ತಿಳಿಯಲಿಲ್ಲ.

ರಾಮಕ್ಕನ ದನಿ ಕುಗ್ಗಿತ್ತು. “ಎಳೇ ಮೈ ಅಂದಿದ್ರು ನರ್ಸಮ್ಮ. ಆಸ್ಪತ್ರೆಗೆ ಹಾಕೋಣ ಅಂದ ನಿಮ್ಮಪ್ಪ. ನಾವೆಲ್ಲ ಮನೇಲೇ ಹೆತ್ತಿಲ್ವಾ, ಬ್ಯಾಡ ಅಂದೋಳು ನಾನು. ಆ ತಪ್ಪು ಹೊರೋಕಾಗ್ಲಿಲ್ಲ ಮುನಿ. ಮಂಗಳವಾರದ ಮ್ಯಾಲೆ ಹಾಕ್ಬುಟ್ಟೆ. ನಿನ್ ಮ್ಯಾಲೆ ಹಾಕ್ಬುಟ್ಟೆ.”

ಮುನಿಲಕ್ಷ್ಮಿ ಕಣ್ಣೊರೆಸಿಕೊಂಡು ಎದ್ದು, ಕೈಕಾಲು ತೊಳೆದಳು. ರಾಮಕ್ಕನೇ ಅವಳ ಬೆನ್ನ ಮೇಲೆ ಕೈಯಿಟ್ಟು, “ಹೋಗು, ಒಳೀಕ್ ಹೋಗು,” ಎಂದಳು. ಮೇಘಶ್ರೀ ಕೂಸನ್ನು ಎತ್ತಿ ಕೊಟ್ಟಳು. ಅಳುತ್ತಿದ್ದ ಕೂಸು ಆ ಮಡಿಲಲ್ಲಿ ನಿದ್ದೆ ಹೋಯಿತು. ಆ ದಿನ ಯಾವ ವಾರವೆಂದು ಯಾರೂ ಕೇಳಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಲೆಕ್ಕ ಹಾಕಿ ಹೇಳುವ ಇಂಥ ಸೈಟು ನಿಮ್ಮ ಫೋನಿಗೂ ಬರುತ್ತದೆ. ಕೇಳುವಾಗ ಬಿಡಿಸಿ ಕೇಳಿ, ತಿಂಗಳನ್ನು ಹೆಸರಿನಲ್ಲೇ ಬರೆಯಿರಿ. ನಿಮ್ಮ ಪ್ರಶ್ನೆಯನ್ನು ಅದು ಹೇಗೆ ತಿಳಿದುಕೊಂಡಿದೆ ಎಂದು ನೋಡಿ, ಆಮೇಲೆ ಉತ್ತರ ನಂಬಿ. ಅನುಮಾನ ಬಂದರೆ ಗೊತ್ತಿರುವುದನ್ನೇ ಒಮ್ಮೆ ಕೇಳಿ ಪರೀಕ್ಷೆ ಮಾಡಿ. ಅದು ಎಷ್ಟು, ಯಾವಾಗ ಎಂದು ಹೇಳೀತು. ಯಾಕೆ ಎಂಬುದನ್ನು ನರ್ಸಮ್ಮನಂಥ ತಿಳಿದವರನ್ನೂ, ಮನೆಯ ಹಿರಿಯರನ್ನೂ ಕೇಳಬೇಕು. ಹದಿನೆಂಟು ತುಂಬದ ಮಗಳಿಗೆ ಮದುವೆ ಮಾಡಬೇಡಿ. ಹೆರಿಗೆಗೆ ಆಸ್ಪತ್ರೆಗೇ ಹೋಗಿ.

ನಿಮ್ಮ ಬೀದಿಯಲ್ಲೂ ಯಾರಾದರೂ ಹೊಸಿಲಾಚೆ ನಿಂತಿದ್ದಾರಾ ನೋಡಿ. ಇದ್ದರೆ ಇವತ್ತೇ ಒಳಗೆ ಕರೆಯಿರಿ.