ಮೆಲ್ಚೋರ್ ಇಲ್ಲದ ಕುದುರೆ

ದೆಲ್ಫಿನಳ ಮನೆಯ ದೇವರ ಹಲಗೆಯ ಮೇಲೆ ಕುದುರೆಗಳು ಮೂರು, ರಾಜರು ಇಬ್ಬರೇ. ಶಿಶು ಯೇಸುವನ್ನು ನೋಡಲು ಬಂದ ಮೂವರು ರಾಜರಲ್ಲಿ ಮರದಲ್ಲಿ ಕೆತ್ತಿದ ಗಾಸ್ಪಾರ್ ಇದ್ದಾನೆ, ಬಲ್ತಸಾರ್ ಇದ್ದಾನೆ. ನಡುವಿನ ಬಿಳಿ ಕುದುರೆಯ ಬೆನ್ನು ಮಾತ್ರ ಅರವತ್ತೆಂಟು ವರ್ಷದಿಂದ ಖಾಲಿ. ಮನೆಯ ಮಕ್ಕಳು ಇದಕ್ಕೆ ಹಿಂದಿನಿಂದಲೂ ಒಂದೇ ಕಾರಣ ಹೇಳಿಕೊಂಡು ಬಂದಿವೆ: ಮೆಲ್ಚೋರ್ ಉಚ್ಚೆ ಹೊಯ್ಯಲು ಇಳಿದಿದ್ದಾನೆ, ಈಗ ಬರುತ್ತಾನೆ. ದೆಲ್ಫಿನ ಕೇಳಿದಾಗಲೆಲ್ಲ ಗದರುತ್ತಾಳೆ, ಒಳಗೊಳಗೇ ನಗುತ್ತಾಳೆ. ಆ ರಾಜ ಎಲ್ಲಿದ್ದಾನೆಂದು ಈ ಭೂಮಿಯ ಮೇಲೆ ಗೊತ್ತಿರುವುದು ಅವಳೊಬ್ಬಳಿಗೇ.

ಪೋರ್ಟೊ ರಿಕೊದ ಅದ್ಹುಂತಾಸ್‌ನ ಬೆಟ್ಟದ ಕಾಫಿ ಕೇರಿಯಲ್ಲಿ ಜನರಿಗೆ ದೇವರೊಡನೆ ಸಲಿಗೆ ಹೆಚ್ಚು. ಬೇಡಿದ್ದು ಸಿಕ್ಕರೆ ಹೊಸ ಬಣ್ಣ, ಹಾಡು, ಊಟ. ಸಿಗದಿದ್ದರೆ ಮುಖವನ್ನು ಗೋಡೆಗೆ ತಿರುಗಿಸಿ ನಿಲ್ಲಿಸುತ್ತಾರೆ. ದೆಲ್ಫಿನಳ ತಾಯಿ ಕಾಂದಿದ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವಳು. 1951ರಲ್ಲಿ ಅವಳ ಇಬ್ಬರು ಗಂಡುಮಕ್ಕಳು, ಇಪ್ಪತ್ತೊಂದರ ಟೆಯೊ ಮತ್ತು ಹತ್ತೊಂಬತ್ತರ ಮೋಗೊ, ಪೋರ್ಟೊ ರಿಕೊದ ಪಡೆಯ ಜೊತೆ ಕೊರಿಯದ ಯುದ್ಧಕ್ಕೆ ಹಡಗು ಹತ್ತಿದರು. ಬಂದರಿನಿಂದ ಮನೆಗೆ ಬಂದವಳೇ ಕಾಂದಿದ ಮೆಲ್ಚೋರ್‌ನನ್ನು ಕುದುರೆಯಿಂದ ಕಿತ್ತು ಎಂಟು ವರ್ಷದ ದೆಲ್ಫಿನಳ ಕೈಗೆ ಕೊಟ್ಟಳು.

“ಎಲ್ಲಾದ್ರೂ ಬಚ್ಚಿಡು. ನಂಗೂ ಹೇಳ್ಬೇಡ, ನನ್ನ ಮನಸ್ಸು ಮೆತ್ತಗೆ, ಕರಗಿ ತೆಗೆದುಬಿಡ್ತೀನಿ. ನಿಮ್ಮಣ್ಣಂದ್ರು ಇಬ್ರೂ ಈ ಹೊಸ್ತಿಲು ದಾಟಿ ಒಳಗೆ ಬರ್ಲಿ, ಆಮೇಲೆ ಇವನು ಕುದುರೆ ಹತ್ಲಿ. ಒಬ್ಬ ಬಂದ್ರೆ ಸಾಲ್ದು.” ಆಮೇಲೆ ಹಲಗೆಯ ಮೇಲೆ ಉಳಿದಿದ್ದ ಇಬ್ಬರ ಕಡೆ ತಿರುಗಿ, “ಕೇಳಿಸ್ತಲ್ಲ?” ಎಂದಳು.

ಒಬ್ಬನೇ ಬಂದ. ಮರುವರ್ಷ ಟೆಯೊ ಎಡಗಾಲು ಕುಂಟುತ್ತಾ ಮೆಟ್ಟಿಲು ಹತ್ತಿದ. ಮೋಗೊ ಕಾಣೆಯಾಗಿದ್ದಾನೆ ಎಂಬ ಕಾಗದ ಅವನಿಗಿಂತ ಮೊದಲೇ ಮನೆ ಸೇರಿತ್ತು. ಯುದ್ಧ ಮುಗಿದ ಮೇಲೆ, ಸತ್ತಿದ್ದಾನೆಂದೇ ತಿಳಿಯತಕ್ಕದ್ದು ಎಂದು ಇನ್ನೊಂದು ಕಾಗದ ಬಂತು. ಕಾಂದಿದ ಅದನ್ನು ಒಲೆಗೆ ಹಾಕಿದಳು. ಕಣ್ಣಾರೆ ಕಂಡವರು ಯಾರು ಎಂಬುದೊಂದೇ ಅವಳ ಪ್ರಶ್ನೆ. ಟೆಯೊನನ್ನು ಕೇಳಿದಳು. “ನಾನು ಕಾಣ್ಲಿಲ್ಲಮ್ಮ. ಹಿಮದಲ್ಲಿ ಒಬ್ಬೊಬ್ರು ಒಂದೊಂದು ದಿಕ್ಕಾದ್ವಿ” ಎಂದ. ಕಂಡವರಿಲ್ಲ ಎಂದಮೇಲೆ ಮೋಗೊ ಬರುವವನೇ. ಕಾಂದಿದ ಇಪ್ಪತ್ತಾರು ವರ್ಷ ಕಾದು ಕಣ್ಣು ಮುಚ್ಚಿದಳು. ಕಾಯುವ ಕೆಲಸ ದೆಲ್ಫಿನಳ ಪಾಲಿಗೆ ಬಂತು.

ಟೆಯೊ ಬದುಕಿ ಬಂದದ್ದಕ್ಕಾಗಿ ಪ್ರತಿ ವರ್ಷ ರಾಜರ ಹಬ್ಬದ ಹಿಂದಿನ ದಿನ, ಜನವರಿ ಐದರ ಸಂಜೆ, ಆ ಮನೆಯಲ್ಲಿ ರಾಜರ ಹಾಡು ನಡೆಯುತ್ತದೆ. ಒಬ್ಬೊಬ್ಬ ರಾಜನಿಗೆ ಒಂದೊಂದು ಚರಣ. ಮೆಲ್ಚೋರ್‌ನ ಚರಣ ಬಂದಾಗ ವಾದ್ಯ ಮಾತ್ರ ನುಡಿಯಬೇಕು, ಬಾಯಿ ಬಿಡುವ ಹಾಗಿಲ್ಲ. ಹೊರಗಿನಿಂದ ಬಂದ ಹಾಡುಗಾರ ಯಾರಾದರೂ ಗೊತ್ತಿಲ್ಲದೆ ಮೂರನೆಯ ಚರಣ ಎತ್ತಿಕೊಂಡರೆ ಮುಗಿಯಿತು, ದೆಲ್ಫಿನಳ ಕಣ್ಣಿಗೆ ಸಿಕ್ಕಿ ಅರ್ಧಕ್ಕೇ ಕೆಮ್ಮಲು ಶುರುಮಾಡುತ್ತಾನೆ. ಊರಿನ ಚಾಗೊ ನಲವತ್ತು ವರ್ಷದಿಂದ ಅಲ್ಲಿ ಹಾಡುತ್ತಿದ್ದಾನೆ. ಅವನಿಗೆ ಮೂರನೆಯ ಚರಣ ಮರೆತೇಹೋಗಿದೆ ಎಂದು ಜನ ಆಡಿಕೊಳ್ಳುತ್ತಾರೆ.

ಈ ವರ್ಷದ ಐದನೆಯ ತಾರೀಖು ಮಧ್ಯಾಹ್ನ ದೆಲ್ಫಿನ ಜಗಲಿಯಲ್ಲಿ ಕೂತು ಪಾಸ್ತೆಲೆ ಎಂಬ ಕಡುಬುಗಳನ್ನು ಬಾಳೆಲೆಯಲ್ಲಿ ಮಡಚಿ ದಾರ ಕಟ್ಟುತ್ತಿದ್ದಳು. ಒಳಗೆ ಹಸಿ ತೊಗರಿಕಾಳಿನ ಅನ್ನ ಬೇಯುತ್ತಿತ್ತು. ಟೆಯೊನ ಮಗಳು ನೆರೆಯ್ದ ರಾಜರಿಬ್ಬರಿಗೆ ವರ್ಷದ ಬಣ್ಣ ಬಳಿಯುತ್ತಿದ್ದಳು. ವರ್ಷವರ್ಷ ಬಳಿದು ಬಳಿದು ಗಾಸ್ಪಾರ್‌ನ ಮೂಗು ಹೂತುಹೋಗಿತ್ತು, ಬಲ್ತಸಾರ್‌ಗೆ ಒಳ್ಳೆ ಬೊಜ್ಜು ಬಂದಿತ್ತು. ಎಂಬತ್ತೊಂಬತ್ತರ ಟೆಯೊ ತೂಗುಕುರ್ಚಿಯಲ್ಲಿದ್ದ.

“ಅಪ್ಪ, ಆ ಗೋಲಾ ಕಥೆ ಹೇಳು” ಎಂದಳು ನೆರೆಯ್ದ.

“ನೂರು ಸಲ ಕೇಳಿದೀಯಲ್ಲೇ.”

“ನೂರೊಂದಾಗ್ಲಿ.”

ಟೆಯೊ ಹೇಳಿದ. ಕೊರಿಯದಲ್ಲಿ ಮೊದಲ ಹಿಮ ಬಿದ್ದ ಬೆಳಿಗ್ಗೆ ಇಡೀ ತುಕಡಿ ಹಲ್ಲು ಕಟಕಟಿಸುತ್ತಾ ದೇವರನ್ನು ನೆನೆಯುತ್ತಿದ್ದರೆ, ಮೋಗೊ ಡಬ್ಬದ ಜ್ಯಾಮಿಗೆ ಸಕ್ಕರೆ ಸೇರಿಸಿ ಪಾಕ ಕಾಯಿಸಿದ. ಲೋಟದಲ್ಲಿ ಹಿಮ ಒತ್ತಿ, ಮೇಲೆ ಪಾಕ ಸುರಿದು, ನಮ್ಮೂರ ಪೇಟೆಯಲ್ಲಿ ಗಾಡಿಯವನು ಕೂಗುವ ಹಾಗೇ “ಗೋಲಾ, ತಣ್ಣನೆ ಗೋಲಾ!” ಎಂದು ಕಂದಕದ ಉದ್ದಕ್ಕೂ ಕೂಗಿಕೊಂಡು ಹೋದ. ಕ್ಯಾಪ್ಟನ್ ಬೈಯಲು ಬಂದವನು ಎರಡು ಲೋಟ ತಿಂದು ಹೋದ.

“ಹುಣಸೆ ಪಾಕ ಅದು. ಕಾಗದದಲ್ಲಿ ಬರೆದಿದ್ದ” ಎಂದಳು ದೆಲ್ಫಿನ.

“ಕೊರಿಯದಲ್ಲಿ ಹುಣಸೆ ಎಲ್ಲಿಂದ ಬರುತ್ತೆ? ನಿನ್ನ ಬಾಯಲ್ಲಿ ನೀರು ಬರ್ಲಿ ಅಂತ ಬರೆದಿದಾನೆ. ಸ್ಟ್ರಾಬೆರಿ.”

ಎಲ್ಲರೂ ನಕ್ಕರು. ಟೆಯೊ ಮಾತ್ರ ನಗು ಅರ್ಧಕ್ಕೆ ನಿಲ್ಲಿಸಿ ಕುರ್ಚಿ ತೂಗುವುದನ್ನೂ ನಿಲ್ಲಿಸಿದ.

“ದೆಲ್ಫಿ, ಈ ಸಲ ಮೆಲ್ಚೋರ್‌ನ ತೆಗಿ.”

ದಾರ ಅವಳ ಕೈಯಲ್ಲೇ ಉಳಿಯಿತು. “ಏನಂದೆ?”

“ನಂಗೆ ಮೂರೂ ಜನರನ್ನ ಒಟ್ಟಿಗೆ ನೋಡ್ಬೇಕು. ಬರೋ ವರ್ಷ ನಾನಿರ್ತೀನೋ ಇಲ್ವೋ.”

“ಅಮ್ಮ ಏನು ಹೇಳಿದ್ಲು ಅಂತ ನಿಂಗೆ ಗೊತ್ತು. ಇಬ್ರೂ ಬರ್ಬೇಕು.” ದೆಲ್ಫಿನಳ ದನಿ ಏರಿತು. “ಎಂಟು ವರ್ಷದವಳ ಕೈಗೆ ಕೊಟ್ಟು ಹೋದ್ಲು. ನಾನು ತೆಗೆದ್ರೆ ಏನರ್ಥ? ಮೋಗೊನ್ನ ನನ್ನ ಕೈಯ್ಯಾರೆ ಸಾಯಿಸಿದ ಹಾಗೆ. ನನ್ನಿಂದ ಆಗಲ್ಲ, ಕೇಳ್ಬೇಡ.”

ಅವಳು ಇದನ್ನು ಸುಮ್ಮನೆ ಹಟಕ್ಕೆ ಹೇಳಿದ್ದಲ್ಲ. ಮೋಗೊ ಬರುವುದಿಲ್ಲವೆಂದು ಅವಳ ತಲೆಗೆ ಎಂದೋ ಗೊತ್ತಾಗಿತ್ತು. ಆದರೆ ಅವನು ಬಂದರೆ ಎಂಬುದೊಂದು ಅವಳ ಜೀವದಲ್ಲಿ ಉಳಿದುಕೊಂಡಿತ್ತು, ಅದನ್ನು ಬಿಟ್ಟು ಬದುಕುವುದು ಅವಳಿಗೆ ಗೊತ್ತಿರಲಿಲ್ಲ.

“ಕಂಡವರಿದಾರೆ, ದೆಲ್ಫಿ” ಎಂದ ಟೆಯೊ. “ನಾನು ಕಂಡಿದೀನಿ.”

ನೆರೆಯ್ದ ಕುಂಚ ಕೆಳಗಿಟ್ಟಳು. ಟೆಯೊ ಮುಂದುವರಿಸಿದ.

“ಗುಡ್ಡ ಇಳೀವಾಗ ನನ್ನ ಪಕ್ಕದಲ್ಲೇ ಬಿದ್ದ. ಹೊಟ್ಟೆಗೆ ಗುಂಡು ತಗುಲಿತ್ತು. ತಲೆ ನನ್ನ ತೊಡೆ ಮೇಲಿತ್ತು. ಬಾಯಾರಿಕೆ ಅಂದ. ನೀರಿರ್ಲಿಲ್ಲ. ಒಂದು ಹಿಡಿ ಹಿಮ ತೆಗೆದು ಬಾಯಿಗಿಟ್ಟೆ. ಚೀಪಿದ. ‘ಥೂ, ಸಕ್ಕರೇನೇ ಹಾಕಿಲ್ವಲ್ಲೋ’ ಅಂದ. ಅಷ್ಟೇ. ನಾನೇ ಅವನ ಕಣ್ಣು ಮುಚ್ಚಿದೆ. ಆಮೇಲೆ ನನ್ನ ಕಾಲಿಗೂ ಬಿತ್ತು, ಯಾರೋ ಎಳ್ಕೊಂಡು ಬಂದ್ರು, ಅವನು ಅಲ್ಲೇ ಉಳಿದ.”

“ಅಮ್ಮಂಗೆ ಯಾಕೆ ಹೇಳ್ಲಿಲ್ಲ?”

“ಹೇಳ್ಬೇಕು ಅಂತಲೇ ಬಂದೆ ಕಣೇ. ಬಾಗಿಲಲ್ಲಿ ಕಾಲಿಟ್ಟ ತಕ್ಷಣ ಆ ಖಾಲಿ ಕುದುರೆ ಕಾಣಿಸ್ತು. ಅದರ ಮುಂದೆ ಅಮ್ಮ ಒಂದು ಹಿಡಿ ಹುಲ್ಲಿಟ್ಟಿದ್ಲು. ನಾಲಿಗೆ ಏಳ್ಲಿಲ್ಲ. ಆಮೇಲೆ ಒಂದು ದಿನ ಹೋಯ್ತು, ಒಂದು ವರ್ಷ ಹೋಯ್ತು. ಸುಳ್ಳು ಹಳೇದಾದಷ್ಟೂ ಬಾಯಿ ಬಿಗಿಯುತ್ತೆ.”

ದೆಲ್ಫಿನಳಿಗೆ ಮೈಯೆಲ್ಲ ಉರಿದುಹೋಯಿತು. “ಇಪ್ಪತ್ತಾರು ವರ್ಷ ಅಮ್ಮ ರಸ್ತೆ ನೋಡಿದ್ಲು! ಬಸ್ಸು ನಿಂತಾಗಲೆಲ್ಲ ಅಡುಗೆ ಬಟ್ಟೇಲಿ ಕೈ ಒರೆಸ್ಕೊಂಡು ಹೊರಗೆ ಓಡಿದ್ಲು! ನೀನು ಇದೇ ಕುರ್ಚೀಲಿ ಕೂತಿದ್ಯಲ್ಲೋ!”

“ಕೂತಿದ್ದೆ” ಎಂದ ಟೆಯೊ. “ಬೈ. ಎಷ್ಟು ಬೇಕೋ ಅಷ್ಟು ಬೈ.”

ಅವಳು ಬೈಯಲೆಂದೇ ಬಾಯಿ ತೆರೆದಳು. ಆದರೆ ಬಂದದ್ದು ನಗು. “ಸಕ್ಕರೆ ಹಾಕಿಲ್ವಲ್ಲೋ ಅಂದ್ನಾ?” ಎಂದಳು. ಸಾಯುವಾಗಲೂ ಊಟಕ್ಕೆ ಹೆಸರಿಟ್ಟವನು, ಮೋಗೊ ಅಲ್ಲದೆ ಇನ್ಯಾರು! ನಗುತ್ತಲೇ ಅತ್ತಳು. ಸೊಂಟಕ್ಕೆ ಕಟ್ಟಿದ್ದ ಅಡುಗೆ ಬಟ್ಟೆಯನ್ನು ಮುಖಕ್ಕೊತ್ತಿಕೊಂಡು, ಅರವತ್ತೆಂಟು ವರ್ಷದ ಅಳುವನ್ನು ಒಂದೇ ಸಲಕ್ಕೆ ಅತ್ತಳು. ಅಣ್ಣನ ಮೇಲೆ ಸಿಟ್ಟಿತ್ತು. ಅಷ್ಟು ವರ್ಷ ಒಬ್ಬನೇ ಅದನ್ನು ಹೊತ್ತಿದ್ದನಲ್ಲ ಎಂದು ಮರುಕವೂ ಆಯಿತು.

ಬಹಳ ಹೊತ್ತಿನ ಮೇಲೆ ಎದ್ದು ಒಳಗೆ ಹೋದಳು. ಗೋಡೆಯ ಮೇಲೆ ಮೋಗೊ ನುಡಿಸುತ್ತಿದ್ದ, ಗಿಟಾರಿನಂಥ ಹತ್ತು ತಂತಿಯ ಕ್ವಾತ್ರೊ ನೇತಾಡುತ್ತಿತ್ತು. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಧೂಳು ಹೊಡೆಯುವಾಗ ಒಳಗೆ ಲೊಟಲೊಟ ಸದ್ದಾಗುತ್ತದೆ, ಇಲಿ ಸತ್ತಿದೆ ಎಂದು ನೆರೆಯ್ದ ಎಷ್ಟೋ ಸಲ ಅಂದಿದ್ದಳು. ದೆಲ್ಫಿನ ಅದನ್ನು ಹೊರಗೆ ತಂದು, ತುಕ್ಕು ಹಿಡಿದ ತಂತಿಗಳನ್ನು ಕತ್ತರಿಸಿ, ಟೆಯೊನ ಮಡಿಲ ಮೇಲೆ ಬೋರಲು ಹಿಡಿದು ಅಲ್ಲಾಡಿಸಿದಳು. ಮೂರನೆಯ ಸಲಕ್ಕೆ ಬೆರಳುದ್ದದ ಮೆಲ್ಚೋರ್ ಬಿದ್ದ.

“ಮೋಗೊ ಬಂದ ತಕ್ಷಣ ಮೊದಲು ಮುಟ್ಟೋದು ಇದನ್ನೇ ಅಲ್ವಾ” ಎಂದಳು. “ಸದ್ದು ಕೇಳಿ ಅವನೇ ತೆಗೀಲಿ ಅಂತ ಹಾಕಿದ್ದೆ.”

ಬಣ್ಣ ಮೆತ್ತಿ ದಪ್ಪಗಾದ ಇಬ್ಬರ ಪಕ್ಕದಲ್ಲಿ ಮೆಲ್ಚೋರ್ ಕಾಂದಿದ ಕಿತ್ತ ದಿನ ಹೇಗಿದ್ದನೋ ಹಾಗೇ ಇದ್ದ. ತೆಳ್ಳನೆಯ ಮೂಗು, ಚೂಪು ಗಡ್ಡ, ಮಾಸಿದ ಕೆಂಪು ಅಂಗಿ. ಅವನಿಗೊಬ್ಬನಿಗೇ ವಯಸ್ಸಾಗಿರಲಿಲ್ಲ. ನೆರೆಯ್ದ ಅಭ್ಯಾಸಬಲದಿಂದ ಕುಂಚ ಅದ್ದಿದಳು.

“ಮುಟ್ಟಿದ್ರೆ ನೋಡು! ಹಂಗೇ ಇರ್ಲಿ ಅವನು.”

ಕುದುರೆಯ ಬೆನ್ನಿನ ತೂತು ಬಣ್ಣದಿಂದ ಮುಚ್ಚಿಹೋಗಿತ್ತು. ಟೆಯೊ ಜೇಬುಚಾಕುವಿನ ಮೊನೆಯಿಂದ ಕೆರೆದು ಕೆರೆದು ಬಿಡಿಸಿಕೊಟ್ಟ. ದೆಲ್ಫಿನ ರಾಜನನ್ನು ಕೂರಿಸುವ ಮೊದಲು ಅಣ್ಣನ ಮುಖ ನೋಡಿದಳು.

“ಅಮ್ಮನ ಮಾತೇನೂ ಮುರೀತಿಲ್ಲ ನಾನು. ಇವತ್ತು ತಾನೆ ಇಬ್ರೂ ಮನೆಗೆ ಬಂದ್ರಿ.”

ಆಮೇಲೆ ಮೂರೂ ಕುದುರೆಗಳ ಮುಂದೆ ಎಂದಿನಂತೆ ಹುಲ್ಲಿಟ್ಟು, ಒಳಗಿಂದ ಒಂದು ಚಮಚ ಸಕ್ಕರೆ ತಂದು ಮೆಲ್ಚೋರ್‌ನ ಪಕ್ಕದಲ್ಲಿಟ್ಟಳು.

“ಕುದುರೆಗೆ ಸಕ್ಕರೆ ಯಾಕತ್ತೆ, ಇರುವೆ ಮುತ್ತುತ್ತೆ” ಎಂದಳು ನೆರೆಯ್ದ.

“ಕುದುರೆಗಲ್ಲ ಕಣೇ.”

ಸಂಜೆ ನೆಂಟರು ಬಂದರು, ಅಕ್ಕಪಕ್ಕದವರು ಬಂದರು, ಚಾಗೊ ತನ್ನ ಕ್ವಾತ್ರೊ ಶ್ರುತಿ ಮಾಡಿ ಹಾಡು ಎತ್ತಿಕೊಂಡ. ಗಾಸ್ಪಾರ್‌ನ ಚರಣವಾಯಿತು, ಬಲ್ತಸಾರ್‌ನದಾಯಿತು. ಮೂರನೆಯದು ಬಂದಾಗ ಹಳೆಯ ರೂಢಿಯಂತೆ ಎಲ್ಲರ ಬಾಯಿಯೂ ಮುಚ್ಚಿತು, ವಾದ್ಯವೊಂದೇ ಮುಂದುವರಿಯಿತು. ಚಾಗೊ ಹಲಗೆಯ ಕಡೆ ನೋಡಿದ, ಮೂವರು ರಾಜರನ್ನು ಕಂಡು ಗಾಬರಿಯಾಗಿ ದೆಲ್ಫಿನಳ ಕಡೆ ನೋಡಿದ.

ಟೆಯೊ ತಂಗಿಯ ಕೈ ಹಿಡಿದುಕೊಂಡ. ದೆಲ್ಫಿನ ಹಾಡುಗಾರರ ಕಡೆ ತಿರುಗಿದಳು.

“ಯಾಕ್ರೋ ಸುಮ್ನಾದ್ರಿ?” ಎಂದಳು. “ಹಾಡ್ರಿ.”